ಗಾಣ ಉಲ್ಟಾ ತಿರುಗಿದ ದಿನ

೧೯೬೬ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಎಂಟನೇ ತರಗತಿ. ಫೇಲಾಗಿ ಬಿಟ್ಟವನಲ್ಲ, ಮೇಷ್ಟ್ರ ಏಟಿಗೆ ಹೆದರಿ ಓಡಿ ಬಂದವನೂ ಅಲ್ಲ. ಮದ್ದೂರಿನ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಅಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದರು. ಅದನ್ನು ನೋಡುತ್ತ ನಿಂತರೆ ನನಗೆ ಶಾಲೆಯ ಗಂಟೆ ಕೇಳಿಸುತ್ತಿರಲಿಲ್ಲ. ಒಂದು ದಿನ ಅಂಗಡಿಯ ಯಜಮಾನರಾದ ಕೃಷ್ಣಪ್ಪನವರು, "ದಿನಾ ಬಂದು ಬಾಗ್ಲಿಗೆ ಅಡ್ಡ ನಿಂತ್ಕತೀಯಲ್ಲೋ, ಒಳಕ್ಕಾದ್ರೂ ಬಾ, ಈ ತುದಿ ಇಡ್ಕೋ" ಅಂದರು. ಹಿಡಿದುಕೊಂಡೆ. ಹತ್ತು ವರ್ಷದ ಮೇಲೂ ಬಿಟ್ಟಿರಲಿಲ್ಲ. ತಂತಿ ಸುತ್ತುವುದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನಲ್ಲಿ ನನ್ನ ಕೈಗೆ ಸಮನಾದ ಕೈ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆದರೆ ಆ ಕೆಲಸದಲ್ಲಿ ನನ್ನ ಜೀವ ತಿಂದದ್ದು ತಂತಿ ಸುತ್ತುವುದಲ್ಲ, ಬೇರೆ ಒಂದು ವಿಷಯ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೊಲದ ಪಂಪು, ಆಲೆಮನೆಯ ಗಾಣ, ರಾಗಿ ಬೀಸುವ ಮಿಲ್ಲು ಎಲ್ಲಕ್ಕೂ ಬರುವುದು ಮೂರು ತಂತಿಯ ಕರೆಂಟು. ಆ ಮೂರರಲ್ಲಿ ಯಾವ ಎರಡು ತಂತಿ ಅದಲುಬದಲಾದರೂ ಮೋಟಾರು ಉಲ್ಟಾ ತಿರುಗುತ್ತದೆ. ಕಂಬದಿಂದ ಮೂರು ತಂತಿ ಯಾವ ಕ್ರಮದಲ್ಲಿ ಇಳಿದು ಬಂದಿವೆ ಎಂದು ಬರೀ ಕಣ್ಣಿನಿಂದ ನೋಡಿ ಹೇಳಲಾಗದು. ಒಂದು ಊರಿನಲ್ಲಿ ಸರಿಯಾಗಿ ತಿರುಗಿದ ಮೋಟಾರನ್ನು ಗಾಡಿಗೆ ಹೇರಿ ಪಕ್ಕದ ಊರಿಗೆ ಒಯ್ದರೆ ಅಲ್ಲಿ ಹಿಂದಕ್ಕೆ ತಿರುಗಬಹುದು. ಅದೇ ಊರಿನಲ್ಲೇ ತಂತಿ ಬಿಚ್ಚಿ ಹೊಸದಾಗಿ ಕಟ್ಟಿದರೆ ನಿನ್ನೆ ನೀರೆತ್ತಿದ ಪಂಪು ಇವತ್ತು ಬರೀ ಸದ್ದು ಮಾಡುತ್ತ ಕೂರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಬೈಗುಳ ಮಾತ್ರ ಮೋಟಾರು ರಿಪೇರಿ ಮಾಡಿದವನಿಗೆ.

ಬಸರಾಳಿನ ಕಡೆಯ ರೈತರೊಬ್ಬರು ಒಮ್ಮೆ ಬಸ್ಸಿನಲ್ಲಿ ಆಳು ಕಳಿಸಿ ನನ್ನನ್ನು ಕರೆಸಿಕೊಂಡರು. ಹೋಗಿ ನಿಂತ ತಕ್ಷಣ ಶುರುವಾಯಿತು.

"ಏನ್ಲಾ, ಮೋಟ್ರು ರಿಪೇರಿ ಮಾಡ್ದ್ಯೋ, ಮಾಟ ಮಾಡ್ದ್ಯೋ? ಗುರ್ ಅಂತದೆ, ನೀರ್ ಬರಾಕಿಲ್ಲ."

ನಾನು ಎರಡು ತಂತಿ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದೆ. ನೀರು ಧುಮ್ಮಿಕ್ಕಿತು.

"ಇಷ್ಟೇಯಾ?" ಅಂದರು ಅವರು, ಮೋಸ ಹೋದವರ ಮುಖ ಮಾಡಿಕೊಂಡು. "ಇಷ್ಟಕ್ಕೆ ನಿನ್ನ ಮದ್ದೂರಿಂದ ಕರುಸ್ಬೇಕಿತ್ತಾ?"

ಈ 'ಇಷ್ಟೇಯಾ' ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಮಳವಳ್ಳಿಯಲ್ಲಿ ಒಬ್ಬ ಮಿಲ್ಲಿನವನಂತೂ ಮಿಲ್ಲು ಉಲ್ಟಾ ತಿರುಗುತ್ತಿದೆ ಎಂದು ಒಪ್ಪಲೇ ಇಲ್ಲ. "ನಮ್ಮಪ್ಪನ ಕಾಲ್ದಿಂದ ಇದು ಇಂಗೇ ತಿರುಗೋದು, ನಿನ್ನೆ ಮೊನ್ನೆ ಬಂದ ನೀನ್ಯಾವನ್ಲಾ ಯೋಳೋಕೆ" ಅಂತ ವಾದಕ್ಕೆ ನಿಂತ. ಅವನ ಮಿಲ್ಲಿನಲ್ಲಿ ಸುರಿದ ರಾಗಿ ಹಿಟ್ಟಾಗದೆ ಹಾಗೇ ಉರುಳಿ ಕೆಳಗೆ ಬರುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ತೋರಿಸಿದರೂ, "ರಾಗಿ ಅಸಿ ಇರ್ಬೇಕು" ಅಂದ.

ಅಂಗಡಿಗೆ ಬಂದು ಹೇಳಿದರೆ ಕೃಷ್ಣಪ್ಪನವರದು ಒಂದೇ ಮಾತು: "ಎರಡು ವೈರ್ ಅದಲುಬದಲು ಮಾಡ್ಬುಟ್ಟು ಬಾ. ಅದ್ರಲ್ಲಿ ತಲೆ ಕೆಡಿಸ್ಕಳೋದೇನೈತೆ?" ಬಿಸಿಲಲ್ಲಿ ಸೈಕಲ್ ತುಳಿಯುವವನು ನಾನು. ಅವರಿಗೇನು.

ತಲೆ ಕೆಡಿಸಿಕೊಂಡೆ. ನನಗೆ ಒಂದು ಪೆಟ್ಟಿಗೆ ಬೇಕಿತ್ತು. ಒಂದು ಕಡೆ ಯಾವ ಊರಿನ ಕಂಬದ ಕರೆಂಟನ್ನಾದರೂ ಅದಕ್ಕೆ ಕೊಡು, ಇನ್ನೊಂದು ಕಡೆ ಪಂಪಿನ ಮೋಟಾರೋ ಗಾಣದ ಮೋಟಾರೋ ಯಾವುದನ್ನಾದರೂ ಸಿಕ್ಕಿಸು. ಬರುತ್ತಿರುವ ಕರೆಂಟು ಯಾವ ಕ್ರಮದ್ದೆಂದು ಪೆಟ್ಟಿಗೆಯೇ ತೋರಿಸಬೇಕು. ಅದನ್ನು ನೋಡಿ ರೈತನೇ ಒಂದು ಹಿಡಿಕೆ ಎಳೆದು ಮೋಟಾರನ್ನು ಸರಿಯಾಗಿ ತಿರುಗಿಸಿಕೊಳ್ಳಬೇಕು. ನನ್ನನ್ನು ಕರೆಯಬಾರದು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರಿಂದೂರಿಗೆ ಒಯ್ಯುವಷ್ಟೇ ದೊಡ್ಡದಿರಬೇಕು.

ಹಿಡಿಕೆಯ ಕೆಲಸ ಸುಲಭ. ಬಲಕ್ಕೆ ಎಳೆದರೆ ತಂತಿಗಳು ಇದ್ದ ಕ್ರಮದಲ್ಲೇ ಹೋಗುತ್ತವೆ, ಎಡಕ್ಕೆ ಎಳೆದರೆ ಎರಡು ಅದಲುಬದಲಾಗುತ್ತವೆ, ನಡುವೆ ನಿಲ್ಲಿಸಿದರೆ ಕರೆಂಟು ಬಂದ್. ಆದರೆ ಯಾವ ಕಡೆ ಎಳೆಯಬೇಕೆಂದು ರೈತನಿಗೆ ಹೇಳುವವರು ಯಾರು? ಅಲ್ಲಿ ಸಿಕ್ಕಿಬಿದ್ದೆ. ತಿಂಗಳುಗಟ್ಟಲೆ ಅಲ್ಲೇ ಒದ್ದಾಡಿದೆ.

ದಾರಿ ತೋರಿಸಿದ್ದು ಮಳವಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬರು. ಶಿವನಸಮುದ್ರದ ವಿದ್ಯುತ್ ಮನೆಯಲ್ಲಿ ಕೆಲಸವಂತೆ. ನನ್ನ ಕೈಯಲ್ಲಿದ್ದ ಮೋಟಾರಿನ ಸ್ಟಾರ್ಟರ್ ನೋಡಿ ಮಾತಿಗೆಳೆದರು. ನನ್ನ ಗೋಳು ಹೇಳಿಕೊಂಡೆ. ಅವರು ನಕ್ಕು, ಧೂಳು ಹಿಡಿದಿದ್ದ ಬಸ್ಸಿನ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಮೂರು ಗೆರೆ ಎಳೆದರು. "ಎರಡು ತಂತಿಗೆ ಒಂದೊಂದು ಬಲ್ಬು ಹಾಕಿ, ಮೂರನೆಯದಕ್ಕೆ ಫ್ಯಾನಿನದೊಂದು ಕಂಡೆನ್ಸರ್ ಹಾಕಿ, ಮೂರರ ತುದಿಯನ್ನೂ ಒಂದೇ ಕಡೆ ಕಟ್ಟಿ. ಕ್ರಮ ಬದಲಾದರೆ ಯಾವ ಬಲ್ಬು ಜೋರಾಗಿ ಉರಿಯುತ್ತೆ ಅನ್ನೋದೂ ಬದಲಾಗುತ್ತೆ" ಅಂದರು. ನನಗೆ ಎದ್ದು ಕುಣಿಯುವ ಹಾಗಾಯಿತು. ಅವರ ಊರು ಬಂತು, ಇಳಿದು ಹೋದರು. ಹೆಸರು ಕೇಳುವಷ್ಟು ಬುದ್ಧಿ ಆ ಕ್ಷಣದಲ್ಲಿ ನನಗಿರಲಿಲ್ಲ.

ಹೇಳಿದ್ದು ಸುಲಭ. ಮಾಡಲು ಹೋದರೆ ಜೋರಾಗಿ ಉರಿಯಬೇಕಾದ ಬಲ್ಬು ಫಳಕ್ಕನೆ ಬೆಳಗಿ ಟಪ್ ಎಂದು ಹೋಗುತ್ತಿತ್ತು. ಇನ್ನೊಂದು ಹಾಕು, ಅದೂ ಟಪ್. ಅಂಗಡಿ ಮುಚ್ಚುವ ಹೊತ್ತಿಗೆ ನಾನು ಈ ಕೆಲಸಕ್ಕೆ ಕೂತರೆ ಕೃಷ್ಣಪ್ಪನವರು ಬೀಗ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಲೇ ಸಿದ್ರಾಜ, ಇದೇನು ದೀಪಾವಳಿನಾ? ಪಟಾಕಿ ಸದ್ದು ಸಾಕು, ನಡಿ ಮನೆಗೆ." ಕೊನೆಗೆ ಒಂದು ದಿನ ಸಿಟ್ಟು ಬಂದು ಒಂದು ಬಲ್ಬಿನ ಬೆನ್ನಿಗೆ ಇನ್ನೊಂದು ಬಲ್ಬು ಕಟ್ಟಿ ನೋಡಿದೆ. ಏಟನ್ನು ಇಬ್ಬರೂ ಹಂಚಿಕೊಂಡರು. ಉಳಿದುಕೊಂಡವು. ಬಲಗಡೆ ಎರಡು, ಎಡಗಡೆ ಎರಡು, ಒಟ್ಟು ನಾಲ್ಕು ಬಲ್ಬಾದವು. ನನ್ನ ಲೆಕ್ಕ ಇಷ್ಟೇ: ಯಾವ ಕಡೆಯದು ಹೆಚ್ಚು ಬೆಳಗುತ್ತದೋ ಆ ಕಡೆಗೆ ಹಿಡಿಕೆ ಎಳಿ. ಅಕ್ಷರ ಬಾರದವರೂ ಮಾಡಬಹುದು.

ಪೆಟ್ಟಿಗೆಗೆ ಹಲಗೆ ಬೇಕಿತ್ತು. ಕಬ್ಬಿಣದ್ದಾದರೆ ಷಾಕ್ ಹೊಡೆಯುವ ಭಯ. ಮನೆಯ ಮಂಚದ ಹಲಗೆ ಒಣಗಿ ಚೆನ್ನಾಗಿತ್ತು. ಬಿಚ್ಚಿಕೊಂಡೆ. ನನ್ನ ಹೆಂಡತಿ ಜಯಮ್ಮ ನೀರು ತರಲು ಹೋದವಳು ಬಂದು ನೋಡಿ ಬಿಂದಿಗೆ ಇಳಿಸಲೂ ಇಲ್ಲ.

"ನಿಂಗೇನ್ ಬಂದದೆ ರೋಗ? ಮಲಗೋ ಮಂಚ ಕಿತ್ಕಂಡು ಕೂತಿದೀಯಲ್ಲ!"

"ಇನ್ನೊಂದು ಮಾಡುಸ್ತೀನಿ ಬುಡಮ್ಮಿ."

"ಮಾಡುಸ್ತಾನಂತೆ! ಊರೋರ ಮೋಟ್ರು ಸರ್ಯಾಗಿ ತಿರುಗ್ಲಿ ಅಂತ ನಾವು ನೆಲದ ಮ್ಯಾಲೆ ಬಿದ್ಕಬೇಕಾ? ಅವ್ರೇನು ನಿಂಗೆ ಉಂಬಳಿ ಬರ್ಕೊಟ್ಟವ್ರಾ?"

ನಾನು ಉಳಿ ಹಿಡಿದು ಕೆಲಸ ಮುಂದುವರಿಸಿದೆ. ಮಾತಿಗೆ ಮಾತು ಕೊಟ್ಟರೆ ಆ ದಿನ ಹಲಗೆಯೂ ಇಲ್ಲ, ಊಟವೂ ಇಲ್ಲ.

ಒಂದೊಂದು ಯಂತ್ರ ಒಂದೊಂದು ಅಳತೆಯ ಕರೆಂಟು ಎಳೆಯುತ್ತದೆ. ಅದಕ್ಕೂ ಒಂದು ತಿರುಗಣೆ ಇಟ್ಟು, ಸುತ್ತ ಬಣ್ಣದಲ್ಲಿ ಕಬ್ಬಿನ ಜಲ್ಲೆ, ನೀರಿನ ಕೊಡ, ರಾಗಿ ತೆನೆ ಬರೆದೆ. ಗಾಣ ಓಡಿಸುವವನು ಕಬ್ಬಿಗೆ ತಿರುಗಿಸಿಕೊಂಡರೆ ಆಯಿತು. ಯಂತ್ರ ಮಿತಿ ಮೀರಿ ಎಳೆದರೆ ಪೆಟ್ಟಿಗೆ ತಾನೇ ಕರೆಂಟು ಕಡಿಯುತ್ತದೆ. ನನ್ನ ರಾಗಿ ತೆನೆ ನೋಡಿ ಜಯಮ್ಮ, "ಇದೇನು, ಕೋಳಿ ಕಾಲಾ?" ಅಂದಳು. ಇರಲಿ.

ಮೊದಲ ಪೆಟ್ಟಿಗೆಯನ್ನು ಬಸರಾಳಿನ ಅದೇ 'ಇಷ್ಟೇಯಾ' ರೈತರ ಪಂಪಿಗೆ ಹಾಕಿ ಬಂದೆ. ಚೆನ್ನಾಗಿ ನಡೆಯಿತು. ವಾರ ಕಳೆದ ಮೇಲೆ ಆಳು ಬಂತು. ಪೆಟ್ಟಿಗೆ ಕೆಟ್ಟಿದೆಯಂತೆ. ಹೋಗಿ ನೋಡಿದರೆ ಎಡಗಡೆಯ ಒಂದು ಬಲ್ಬೇ ಇಲ್ಲ.

"ಗೌಡ್ರೇ, ಇಲ್ಲಿದ್ದ ಬಲ್ಬು?"

"ಅದಾ? ನಾಕು ಯಾಕೆ ದಂಡ ಅಂತ ಒಂದ ಕಿತ್ತು ಕೊಟ್ಟಿಗೆಗೆ ಆಕ್ಕಂಡೆ. ಎಮ್ಮೆ ಈಯೋದಿತ್ತು."

ಏನು ಹೇಳಬೇಕು ನೀವೇ ಹೇಳಿ. ಎಮ್ಮೆ ಈದು ಕರು ಆ ಬಲ್ಬಿನ ಕೆಳಗೇ ನಿಂತಿತ್ತು. ನನಗೆ ಗಿಣ್ಣು ಕೊಟ್ಟು ಕಳಿಸಿದರು. ಗಿಣ್ಣು ಹಿಡಿದುಕೊಂಡು ಬೈಯುವುದು ಹೇಗೆ? ಮನೆಗೆ ಬಂದು ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ, ಬಲ್ಬುಗಳನ್ನು ಒಳಗೆ ಸೇರಿಸಿ, ಮುಂದೆ ಎರಡು ಗಾಜಿನ ಕಿಟಕಿ ಇಟ್ಟು ಭದ್ರವಾಗಿ ಮೊಳೆ ಹೊಡೆದೆ. ಈಗ ಯಾವನು ಕೀಳುತ್ತಾನೋ ನೋಡೋಣ ಅಂದುಕೊಂಡೆ.

ಅಷ್ಟರಲ್ಲಿ ಅಂಗಡಿಯಲ್ಲಿ ನನಗೂ ಯಜಮಾನರಿಗೂ ಮಾತು ಬೆಳೆಯಿತು. "ಈ ಪೆಟ್ಗೆ ಹುಚ್ಚು ಬುಡು, ಇಲ್ಲ ಅಂಗಡಿ ಬುಡು" ಅಂದರು. ನಾನೂ ಸ್ವಾಭಿಮಾನಿ. ಅಂಗಡಿ ಬಿಟ್ಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದರು: "ಆಯ್ತು ಕಣ್ಲಾ, ಒಂದು ಆಲೆಮನೇಲಿ ಅದು ನಿಂತು ತೋರುಸ್ಲಿ, ಆಗ ನಾನೇ ಬಂದು ನಿನ್ನ ಕೈಕೆಳಗೆ ತಂತಿ ಸುತ್ತೀನಿ. ನಿಲ್ನಿಲ್ವಾ, ನೀನು ಇದೇ ಮೆಟ್ಲು ಅತ್ಬೇಕು."

ಆಲೆಮನೆ ಹುಡುಕಿಕೊಂಡು ಹೋದೆ. ಆತಗೂರಿನ ಹತ್ತಿರ ಚಿಕ್ಕೇಗೌಡರು ಎಂಬುವರದು ದೊಡ್ಡ ಬೇಸಾಯ. ಅವರದು ಒಂದೇ ಮೋಟಾರು. ಸುಗ್ಗಿಯಲ್ಲಿ ಅದನ್ನು ಗಾಣಕ್ಕೂ, ಇನ್ನೊಂದು ಕಂಬದ ಹತ್ತಿರವಿದ್ದ ಪಂಪಿಗೂ ಗಾಡಿಯಲ್ಲಿ ಸಾಗಿಸುತ್ತಿದ್ದರು. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಉಲ್ಟಾ. ಪ್ರತಿ ಸಲ ಮದ್ದೂರಿಗೆ ಆಳು ಓಡಬೇಕು, ನಾನು ಬರುವತನಕ ಕಡಿದು ಹಾಕಿದ ಕಬ್ಬು ಬಿಸಿಲಿಗೆ ಒಣಗಬೇಕು. ಅವರು ನನ್ನ ಮಾತು ಪೂರ್ತಿ ಕೇಳಿ, "ನೋಡು ಸಿದ್ರಾಜು, ನೀನು ಕೈ ಆಕಬಾರ್ದು. ನಾನೇ ಎಳೀಬೇಕು, ನಾನೇ ತಿರುಗುಸ್ಬೇಕು. ಸರಿ ಓದ್ರೆ ಪೆಟ್ಗೆ ನಂದು. ಇನ್ನೂ ನಾಕು ಆಲೆಮನೆಯೋರು ನನ್ನ ಮಾತಿಗೆ ಕಾಯ್ತಾ ಅವ್ರೆ. ಸರಿ ಓಗ್ನಿಲ್ಲ ಅಂದ್ರೆ ಎತ್ಕಂಡು ಓಗ್ತಾ ಇರು" ಅಂದರು.

ನನ್ನ ಪಾಲಿಗೆ ಅಷ್ಟೇ ಉಳಿದಿತ್ತು. ಗೌಡರು ಹೂಂ ಅಂದರೆ ನನ್ನದೇ ಅಂಗಡಿ, ಉಹೂಂ ಅಂದರೆ ಹಳೆಯ ಮೆಟ್ಟಿಲು.

ಅದು ೧೯೭೭ನೇ ಇಸವಿಯ ಸುಗ್ಗಿ ಶುರುವಾಗುವ ದಿನ. ಬೆಳಗ್ಗೆಯೇ ಪೆಟ್ಟಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ. ಆಲೆಮನೆಯ ಮುಂದೆ ಕಬ್ಬಿನ ರಾಶಿ. ಆ ರಾಶಿಯ ಮೇಲೆ, ಯಾರು ಕರೆದರೋ ಏನೋ, ಎಲೆ ಅಡಿಕೆ ಮೆಲ್ಲುತ್ತ ಕೃಷ್ಣಪ್ಪನವರು ಕೂತಿದ್ದಾರೆ! ನನ್ನನ್ನು ನೋಡಿ, "ನಾಟ್ಕ ಎಷ್ಟೊತ್ಗೆ ಸುರುವಪ್ಪ?" ಅಂದರು.

ಕಂಬದ ತಂತಿಗಳನ್ನು ಪೆಟ್ಟಿಗೆಗೆ ಕೊಟ್ಟೆ. ಬಲಗಡೆಯ ಕಿಟಕಿ ಝಗ್ ಎಂದು ಬೆಳಗಿತು, ಎಡಗಡೆಯದು ಕೆಂಪಗೆ ಮಂಕಾಗಿ ಕೂತಿತು. ಗೌಡರಿಗೆ ಇನ್ನೊಮ್ಮೆ ಹೇಳಿದೆ: "ಯಾವ ಕಡೆ ಜಾಸ್ತಿ ಬೆಳಕೋ ಆ ಕಡೆಗೆ ಇಡ್ಕೆ ಎಳೀರಿ ಗೌಡ್ರೇ. ನನ್ನ ಮಖ ನೋಡ್ಬೇಡಿ, ಪೆಟ್ಗೆ ನೋಡಿ." ಆಮೇಲೆ ಗಾಣದ ಬೆಲ್ಟು ಸರಿಯಾಗಿ ಕೂತಿದೆಯೇ ನೋಡಲು ಆ ಕಡೆಗೆ ಹೋದೆ. ಪೆಟ್ಟಿಗೆಗೆ ಬೆನ್ನು ಹಾಕಿದೆ.

ಗಾಣ ಎಂದರೆ ಕಬ್ಬಿಣದ ಉರುಳೆಗಳು. ಮುಂದಿನಿಂದ ಕಬ್ಬು ಕೊಟ್ಟರೆ ಅದರ ಹಾಲು ಕೆಳಗೆ ಇಳಿದು, ಸಿಪ್ಪೆ ಹಿಂದೆ ಬರುತ್ತದೆ. ಹಿಂದೆ ನಿಂತು ಸಿಪ್ಪೆ ಎಳೆಯುವವನು ಕಾಳಯ್ಯ. ಅವನು ಕೊರಳಿಗೆ ಟವಲ್ ಸುತ್ತಿಕೊಂಡು, ಬಗ್ಗಿ, ಉರುಳೆಯ ಸಂದಿಯಲ್ಲಿ ಹೋದ ವರ್ಷದ ಸಿಪ್ಪೆ ಸಿಕ್ಕಿಕೊಂಡಿದ್ದನ್ನು ಕೈಯಿಂದ ಕೆದಕುತ್ತಿದ್ದ. ಗೌಡರು "ಸುರು ಮಾಡ್ತೀನಿ ಕಣ್ರಪ್ಪಾ" ಎಂದು ಕೂಗಿದರು. ಕಾಳಯ್ಯ ಕೈ ತೆಗೆದ, ಆದರೆ ಬಗ್ಗಿದ್ದವನು ಎದ್ದು ನಿಲ್ಲಲಿಲ್ಲ. ಉರುಳೆ ತಿರುಗಿದರೆ ತನ್ನ ಕಡೆಗೆ ಹೊರಕ್ಕೆ ತಾನೇ ತಿರುಗುವುದು, ಅವನಿಗೇನು ಭಯ?

ಗಾಣ ತಿರುಗಿತು. ಹಿಂದಕ್ಕೆ ತಿರುಗಿತು.

ಕಾಳಯ್ಯನ ಟವಲಿನ ತುದಿ ಉರುಳೆಯ ಸಂದಿಗೆ ಹೋಯಿತು. ಅವನು "ಅಯ್ಯಯ್ಯೋ" ಅಂದದ್ದು ಕೇಳಿಸಿತು, ಮುಖ ಗಾಣದ ಕಡೆಗೆ ವಾಲಿದ್ದು ಕಾಣಿಸಿತು. ನಾನು ಹೇಗೆ ಹಾರಿದೆನೋ ಗೊತ್ತಿಲ್ಲ. ಕಬ್ಬಿನ ಹೊರೆ ತುಳಿದು ಹೋಗಿ, ಗೌಡರನ್ನು ಭುಜದಿಂದ ತಳ್ಳಿ, ಹಿಡಿಕೆಯನ್ನು ನಡುವಿಗೆ ಬಡಿದೆ. ಗಾಣ ಗೊರಗುಟ್ಟುತ್ತ ನಿಂತಿತು. ತಿರುಗಿ ನೋಡಿದರೆ ಟವಲ್ ಅರ್ಧ ಒಳಗೆ ಹೋಗಿತ್ತು. ಸುತ್ತು ಸಡಿಲವಾಗಿದ್ದರಿಂದ ಕಾಳಯ್ಯ ತಲೆ ನುಸುಳಿಸಿಕೊಂಡು ನೆಲದ ಮೇಲೆ ಕೂತಿದ್ದ. ಕೊರಳ ಸುತ್ತ ಕೆಂಪಗೆ ಬರೆ ಎದ್ದಿತ್ತು.

ಮೊದಲು ಬಾಯಿ ಬಿಟ್ಟದ್ದು ಕಾಳಯ್ಯನೇ.

"ನನ್ನ ಕತ್ತು ಓಗಿದ್ರೆ ನಿನ್ನ ಪೆಟ್ಗೆ ತಂದ್ಕೊಡ್ತಿತ್ತೇನ್ಲಾ, ಬಡ್ಡಿಮಗ್ನೆ?"

ಗೌಡರು ನನ್ನ ಕಡೆ ತಿರುಗಿದರು. "ನೀನು ಯೋಳ್ದಂಗೇ ಮಾಡಿವ್ನಿ ಸಿದ್ರಾಜು. ಎಡಗಡೆ ಬೆಳಕಿತ್ತು, ಎಡಗಡೀಕೆ ಎಳ್ದೆ. ಇದೇನ್ಲಾ ಇದು?"

"ಎಡಗಡೆನಾ? ಬಲಗಡೆ ಅಲ್ವಾ ಬೆಳಗ್ತಿದ್ದಿದ್ದು!"

ಕಬ್ಬಿನ ರಾಶಿಯ ಮೇಲಿಂದ ಕೃಷ್ಣಪ್ಪನವರ ದನಿ ಬಂತು: "ಗೌಡ್ರೇ, ನಾನು ಮೊದ್ಲೇ ಯೋಳ್ನಿಲ್ವಾ? ಎರಡು ವೈರ್ ಅದಲುಬದಲು ಮಾಡಿಸ್ಕಂಡು ಕೆಲ್ಸ ನೋಡ್ಕಳಿ."

ನಾನು ಪೆಟ್ಟಿಗೆಯ ಮುಂದೆ ಹೋಗಿ ನಿಂತೆ. ಬಲಗಡೆಯ ಗಾಜಿನ ತುಂಬ ಅಡ್ಡಡ್ಡ ಮೂರು ಪಟ್ಟೆ ವಿಭೂತಿ. ಅದರ ಮೇಲೆ ಅರಿಸಿನ. ಅರಿಸಿನದ ಮೇಲೆ ಅಂಗೈಯಗಲ ಕುಂಕುಮ. ಮೇಲಿನ ಮೂಲೆಗೆ ಸಿಕ್ಕಿಸಿದ ಚೆಂಡುಹೂವು ಉಳಿದ ಚೂರು ಗಾಜನ್ನೂ ಮುಚ್ಚಿತ್ತು. ಅದರ ಹಿಂದೆ ನನ್ನ ಬಲ್ಬುಗಳು ಉಸಿರು ಕಟ್ಟಿಕೊಂಡು ಉರಿಯುತ್ತಿದ್ದವು. ಎಡಗಡೆಯ ಗಾಜು ಮಾತ್ರ ಸ್ವಚ್ಛ. ಅಲ್ಲಿನ ಮಂಕು ಬೆಳಕೇ ಈಗ ಹೆಚ್ಚಾಗಿ ಕಾಣುತ್ತಿತ್ತು.

"ಇದ್ಯಾರು ಮಾಡಿದ್ದು?" ಅಂದೆ.

"ನಾನೇ ಕಣ್ ಮೊಗ" ಅಂದರು ಒಬ್ಬರು ಮುದುಕಮ್ಮ, ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡೇ. ಗೌಡರ ತಾಯಿ ಕೆಂಪಮ್ಮನವರು. "ನೀನು ಆ ಕಡೀಕೆ ಓದಾಗ ಪೂಜೆ ಮಾಡ್ದೆ. ಇದು ಜೋರಾಗಿ ಬೆಳಗ್ತಿತ್ತು ನೋಡು. ಲಕ್ಸ್ಮಿ ಕಳೆ ಇಲ್ಲೇ ಐತೆ ಅಂತ ಇಲ್ಲೇ ಇಟ್ಟೆ."

ಬಲ್ಬು ಸಿಡಿದದ್ದು, ಮಂಚ ಹೋದದ್ದು, ಎಮ್ಮೆಯ ಕೊಟ್ಟಿಗೆ, ಹಳೆಯ ಮೆಟ್ಟಿಲು ಎಲ್ಲ ಒಟ್ಟಿಗೆ ನನ್ನ ತಲೆಗೆ ಏರಿದವು. "ಅಲ್ಲವ್ವಾ, ಪೆಟ್ಗೆಗೆ ಇರೋದೇ ಎರಡು ಕಣ್ಣು. ಅದ್ರಲ್ಲಿ ನೋಡೋ ಕಣ್ಣಿಗೇ ಬಳ್ದಿದ್ದೀರಲ್ಲ! ಇಷ್ಟು ದೊಡ್ಡ ಪೆಟ್ಗೇಲಿ ನಿಮ್ಗೆ ಬೇರೆ ಜಾಗನೇ ಸಿಗ್ನಿಲ್ವಾ?"

"ಸಿದ್ರಾಜು!" ಗೌಡರು ಮುಂದೆ ಬಂದರು. "ನಮ್ಮವ್ವನ ಮ್ಯಾಲೆ ಗಂಟ್ಲು ಎತ್ಬೇಡ. ಪೂಜೆ ಇಲ್ದೆ ನಮ್ಮ ಗಾಣ ಯಾವತ್ತೂ ತಿರುಗಿಲ್ಲ. ನಿನ್ನ ಪೆಟ್ಗೆ ಎತ್ಕೋ, ನಡಿ."

ಮುಗಿಯಿತು ಅಂದುಕೊಂಡೆ. ಆದರೆ ಕೆಂಪಮ್ಮನವರು ಮಗನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

"ತಡಿಯಪ್ಪ. ಅವನಿಗೆ ಒಟ್ಟೆ ಉರಿ ಕಣ್ಲಾ, ಕೂಗ್ಲಿ. ಆದ್ರೆ ಮೊಗ, ಒಂದು ಕೇಳ್ತೀನಿ, ಯೋಳು. ನೇಗ್ಲಿಗೆ ಕುಂಕುಮ ಎಲ್ಲಿ ಇಕ್ಕಬೇಕು ಅಂತ ನಂಗೊತ್ತು. ಗಾಡಿಗೆ ಗೊತ್ತು, ಒಸ್ಲಿಗೆ ಗೊತ್ತು, ಒಲೆಗೆ ಗೊತ್ತು. ನಿನ್ನ ಪೆಟ್ಗೇಲಿ ಎಲ್ಲಿ ಇಕ್ಕಬೇಕು? ನೀನು ಅದಕ್ಕೆ ಅಂತ ಜಾಗ ಬುಟ್ಟಿದ್ಯಾ?"

ನಾನು ಪೆಟ್ಟಿಗೆ ನೋಡಿದೆ. ಮೇಲೆ ಹಿಡಿಕೆ, ಪಕ್ಕದಲ್ಲಿ ತಿರುಗಣೆ, ಅದರ ಸುತ್ತ ಕಬ್ಬು, ಕೊಡ, ತೆನೆ. ಮುಂದೆ ಎರಡು ಕಿಟಕಿ. ಎಲ್ಲಕ್ಕೂ ಜಾಗ ಇಟ್ಟಿದ್ದೆ. ಅದಕ್ಕೆ ಇಟ್ಟಿರಲಿಲ್ಲ. ನನಗೆ ಇನ್ನಷ್ಟು ಸಿಟ್ಟು ಬಂತು, ಏಕೆಂದರೆ ಮುದುಕಮ್ಮ ಕೇಳಿದ್ದು ಸರಿಯಾಗಿಯೇ ಇತ್ತು.

ಅಂಗಿಯ ಚುಂಗು ಹಿಡಿದು ಗಾಜು ಒರೆಸಲು ಹೋದೆ. "ಅಯ್ಯಯ್ಯೋ!" ಎಂದು ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. "ಇಟ್ಟ ಕುಂಕುಮ ಒರುಸ್ತಾನೆ!" ಕೆಂಪಮ್ಮನವರು ಗಾಜಿಗೆ ಅಡ್ಡ ಬಂದು ನಿಂತರು. ಸುಗ್ಗಿಯ ಮೊದಲ ದಿನ ಕುಂಕುಮ ಒರೆಸುವುದುಂಟೆ? ಒರೆಸಬಾರದಂತೆ. ಒರೆಸದಿದ್ದರೆ ಬೆಳಕು ಕಾಣುವುದಿಲ್ಲ. ಬೆಳಕು ಕಾಣದಿದ್ದರೆ ಗಾಣ ತಿರುಗುವುದಿಲ್ಲ. ದೇವರೇ, ಮೂರು ತಂತಿಯ ಗಂಟು ಬಿಡಿಸಿದ್ದೆ, ಇದನ್ನು ಬಿಡಿಸುವುದು ಹೇಗೆ? ತಲೆ ಹಿಡಿದುಕೊಂಡು ಕೂತೆ. ಕೃಷ್ಣಪ್ಪನವರು ನಗುತ್ತಿದ್ದುದು ಕೇಳಿಸುತ್ತಿತ್ತು.

ಬೆಲ್ಲ ಕಾಯಿಸುವ ಕೊಪ್ಪರಿಗೆಯ ಹತ್ತಿರ ಒಂದು ಎಣ್ಣೆ ಡಬ್ಬದ ಮುಚ್ಚಳ ಬಿದ್ದಿತ್ತು. ಹೋಗಿ ತಂದೆ. ಪೆಟ್ಟಿಗೆಯ ನೆತ್ತಿಯ ಮೇಲೆ, ಹಿಡಿಕೆಗೆ ತಾಗದ ಹಾಗೆ, ಮುಚ್ಚಳವನ್ನಿಟ್ಟು ಮೊಳೆ ಹೊಡೆದೆ. "ಅವ್ವಾ, ಇಗೋ ಜಾಗ. ಇಲ್ಲಿ ಎಷ್ಟು ಬೇಕಾದ್ರೂ ಇಕ್ಕಿ. ಊವ ಇಕ್ಕಿ, ಊದುಗಡ್ಡಿ ಬೇಕಾದ್ರೂ ಹಚ್ಚಿ. ಕೆಳಗೆ ಮಾತ್ರ ಇಳೀಬೇಡಿ, ಕೈ ಮುಗೀತೀನಿ."

ಕೆಂಪಮ್ಮನವರು ಮುಚ್ಚಳವನ್ನು ಬೆರಳಿಂದ ತಟ್ಟಿ ನೋಡಿದರು. ಅಲುಗಲಿಲ್ಲ. ಅದರ ಮೇಲೆ ವಿಭೂತಿ ಎಳೆದರು, ಅರಿಸಿನ ಕುಂಕುಮ ಇಟ್ಟರು, ಮೂಲೆಯ ಚೆಂಡುಹೂವನ್ನು ತೆಗೆದು ಅಲ್ಲಿಗೆ ಏರಿಸಿದರು. ಆಮೇಲೆ ತಮ್ಮ ಸೆರಗನ್ನು ಒದ್ದೆ ಮಾಡಿಕೊಂಡು ಕೆಳಗಿನ ಗಾಜನ್ನು ತಾವೇ ತೊಳೆದರು. "ಈಗ ಒರಸಿದಂಗಲ್ಲ. ಜಾಗ ಬದ್ಲಾಯ್ಸಿದಂಗೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹೆಂಗಸರು ಒಪ್ಪಿದರು. ಗಾಜಿನ ಹಿಂದೆ ಬೆಳಕು ಝಗ್ ಎಂದಿತು.

"ಗೌಡ್ರೇ, ಇನ್ನೊಂದು ಕಿತ" ಅಂದೆ.

ಗೌಡರು ತಾಯಿಯ ಮುಖ ನೋಡಿದರು. ಅವರು ತಲೆಯಾಡಿಸಿದರು. ಆದರೆ ಕಾಳಯ್ಯ ನೆಲ ಬಿಟ್ಟು ಏಳಲಿಲ್ಲ. "ನಾನು ನಿಲ್ಲಾಕಿಲ್ಲ. ಅಷ್ಟು ನಂಬ್ಕೆ ಇದ್ರೆ ಅವನೇ ನಿಂತ್ಕಳ್ಲಿ."

ನ್ಯಾಯವೇ. ನಾನು ಹೆಗಲ ಮೇಲಿನ ಟವಲ್ ತೆಗೆದಿಟ್ಟು, ತೋಳು ಮಡಚಿ, ಗಾಣದ ಹಿಂದೆ ಹೋಗಿ ನಿಂತೆ. ಗಾಣದ ಆಚೆ ಕಡೆಯಿಂದ ನನಗೆ ಪೆಟ್ಟಿಗೆ ಕಾಣುತ್ತಿರಲಿಲ್ಲ, ಗೌಡರ ಬೆನ್ನು ಮಾತ್ರ ಕಾಣುತ್ತಿತ್ತು. ಕೈಯನ್ನು ಉರುಳೆಯ ಹತ್ತಿರ, ಕಾಳಯ್ಯ ಇಟ್ಟಷ್ಟೇ ಹತ್ತಿರ ಇಟ್ಟೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ತಂತಿ ಸುತ್ತುವ ಕೈ ಅದು. ಅದು ಬಿಟ್ಟರೆ ನನಗೆ ಬೇರೆ ಆಸ್ತಿ ಇಲ್ಲ. ಗೌಡರು ಬಗ್ಗಿ ಬಗ್ಗಿ ನೋಡಿದರು. ಬೇಗ ಎಳೀರಿ ಮಹಾರಾಯರೇ ಎಂದು ಕೂಗಬೇಕೆನಿಸಿತು. ಕೂಗಿದರೆ ನಾನು ಹೇಳಿಕೊಟ್ಟ ಹಾಗಾಗುತ್ತದೆ. ಹಲ್ಲು ಕಚ್ಚಿಕೊಂಡೆ.

ಅವರ ಬಲಭುಜ ಅಲುಗಿತು. ಉರುಳೆ ನನ್ನ ಕಡೆಗೆ, ಹೊರಕ್ಕೆ ತಿರುಗಿತು. ಮೊದಲು ಕಾಳಯ್ಯನ ಟವಲ್ ಬಂತು, ಹಪ್ಪಳದ ಹಾಗೆ. ಅದರ ಹಿಂದೆಯೇ, ಮುಂದೆ ನಿಂತವರು ಕೊಟ್ಟ ಪೂಜೆಯ ಕಬ್ಬಿನ ಸಿಪ್ಪೆ. ಕೆಳಗೆ ಹಾಲು ಸುರಿಯುವ ಸದ್ದು ಕೇಳಿದ ಮೇಲೆಯೇ ನಾನು ಕೈ ಹಿಂದಕ್ಕೆ ತೆಗೆದೆ.

ಗೌಡರು ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಮಧ್ಯಾಹ್ನ ಅದೇ ಮೋಟಾರು, ಅದೇ ಪೆಟ್ಟಿಗೆಯನ್ನು ಗಾಡಿಗೆ ಹಾಕಿಸಿ ಮೇಲಿನ ಗದ್ದೆಯ ಪಂಪಿಗೆ ಒಯ್ದರು. ಅಲ್ಲಿ ಎಡಗಡೆಯ ಕಿಟಕಿ ಬೆಳಗಿತು. ತಿರುಗಣೆಯನ್ನು ಕಬ್ಬಿನಿಂದ ಕೊಡಕ್ಕೆ ತಾವೇ ತಿರುಗಿಸಿಕೊಂಡು, ಎಡಕ್ಕೆ ಎಳೆದರು. ನೀರು ಬಂತು. ನಾನು ಬದುವಿನ ಮೇಲೆ ಕೂತು ಬಾಯಿ ಬಿಡಲಿಲ್ಲ. ನೀರಿಗೆ ಕೈ ಒಡ್ಡಿ ನಿಂತ ಗೌಡರು, "ಪೆಟ್ಗೆ ಇಲ್ಲೇ ಇರ್ಲಿ. ಇನ್ನು ನಾಕು ಮಾಡು, ನಾನು ಅವ್ರಿಗೆ ಯೋಳ್ತೀನಿ" ಅಂದರು. ಕಾಳಯ್ಯ ಮಾತ್ರ ಆ ಸುಗ್ಗಿ ಮುಗಿಯುವತನಕ ನನ್ನ ಜೊತೆ ಮಾತಾಡಲಿಲ್ಲ. ಹೊಸ ಟವಲ್ ತಂದುಕೊಟ್ಟರೆ ತೆಗೆದುಕೊಂಡ, ಆದರೂ ಮಾತಾಡಲಿಲ್ಲ.

ಕೃಷ್ಣಪ್ಪನವರು ಮದ್ದೂರಿಗೆ ನನ್ನ ಜೊತೆಯಲ್ಲೇ ಬಸ್ಸಿಗೆ ಕಾದರು. ಎಲೆ ಅಡಿಕೆ ಉಗಿದು, "ಆ ಮುಚ್ಚಳ ಮೊದ್ಲೇ ಒಡೀಬೇಕಿತ್ತು ಕಣ್ಲಾ" ಅಂದರು. ಅಷ್ಟೇ. ನನ್ನ ಕೈಕೆಳಗೆ ತಂತಿ ಸುತ್ತಲು ಬರಲಿಲ್ಲ, ನಾನೂ ಕರೆಯಲಿಲ್ಲ.

ಆವತ್ತಿನ ವಿಷಯ ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟೇ. ಆಮೇಲೆ ಕಾಳಯ್ಯನ ಕೊರಳಿನ ಬರೆ ಕಣ್ಣಿಗೆ ಬಂದು ಮೈ ಜುಮ್ ಅನ್ನುತ್ತದೆ. ಕಂಬದಿಂದ ಬರುವ ತಂತಿಯನ್ನು ಬಲ್ಲೆ, ಯಂತ್ರಕ್ಕೆ ಹೋಗುವ ತಂತಿಯನ್ನು ಬಲ್ಲೆ. ಆದರೆ ನಡುವೆ ನಿಂತು ಪೆಟ್ಟಿಗೆ ಮುಟ್ಟುವ ಜನ ಏನು ಮಾಡುತ್ತಾರೆಂದು ಮೊದಲೇ ತಿಳಿಯುವ ಬಲ್ಬು ನನಗಿನ್ನೂ ಸಿಕ್ಕಿಲ್ಲ. ಹೊಸ ಪೆಟ್ಟಿಗೆ ಮಾಡಿದಾಗಲೆಲ್ಲ ಈಗ ಮೊದಲು ಯಾರಾದರೂ ಅಜ್ಜಿಯ ಮುಂದೆ ಇಟ್ಟು, ಇದಕ್ಕೆ ಪೂಜೆ ಮಾಡಿ ನೋಡೋಣ ಅನ್ನುತ್ತೇನೆ. ಅವರು ಎಲ್ಲೆಲ್ಲಿ ಕೈ ಇಡುತ್ತಾರೋ ನೋಡಿಕೊಂಡು ಆಮೇಲೆ ಮೊಳೆ ಹೊಡೆಯುತ್ತೇನೆ.

ಈಗ ನನಗೆ ಇರುವುದು ಇಷ್ಟು: ಮದ್ದೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಅಂಗಡಿ, ಒಂದು ಸೈಕಲ್ಲು, ತಂತಿ ಸುತ್ತುವ ಎರಡು ಯಂತ್ರ, ಊರೂರಿನಲ್ಲಿ ಓಡುತ್ತಿರುವ ಹನ್ನೊಂದು ಪೆಟ್ಟಿಗೆ, ಮತ್ತು ರಿಪೇರಿಗೆಂದು ಬಂದು ಮೇಜಿನ ಮೇಲೆ ಕೂತಿರುವ ಒಂದು. ಅದರೊಳಗೆ ತೆಂಗಿನಕಾಯಿ ನೀರು ಹೋಗಿದೆ.